ಹಳೆಯ ಡಾಂಬರು, ಹೊಸ ಬಿಸಿಲು

ವೈಶಾಖದ ನಡುಹಗಲಿನಲ್ಲಿ ಟಾರು ರಸ್ತೆಯನ್ನು ಬರಿಗಾಲಿನಲ್ಲಿ ದಾಟಿದವರಿಗೆ ಅದರ ಉಷ್ಣತೆಯನ್ನು ಕುರಿತು ಪುಸ್ತಕ ನೋಡಿ ತಿಳಿಯಬೇಕಾದುದು ಹೆಚ್ಚೇನೂ ಇಲ್ಲ. ನೆರಳಿನಲ್ಲಿಟ್ಟ ತಾಪಮಾಪಕವು 40 ಡಿಗ್ರಿ ಸೆಂಟಿಗ್ರೇಡನ್ನು ತೋರಿಸುತ್ತಿರುವಾಗ ಕರಿಯ ರಸ್ತೆಯ ಮೈ 60 ಡಿಗ್ರಿಯನ್ನು ದಾಟಿರುತ್ತದೆ. ಹೊಸದಾಗಿ ಹಾಸಿದ ಡಾಂಬರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಐದರಷ್ಟನ್ನು ಹಿಂದಕ್ಕೆ ಕಳುಹಿಸಿ ಮಿಕ್ಕುದನ್ನೆಲ್ಲ ಕುಡಿದುಬಿಡುತ್ತದೆ. 2015ರ ಮೇ ತಿಂಗಳಿನಲ್ಲಿ ದೆಹಲಿಯ ರಸ್ತೆಯೊಂದರಲ್ಲಿ ಪಾದಚಾರಿಗಳಿಗಾಗಿ ಬರೆದ ಬಿಳಿಯ ಪಟ್ಟೆಗಳು ಕರಗಿದ ಡಾಂಬರಿನೊಡನೆ ಸರಿದು ಹಾವಿನಂತೆ ಅಂಕುಡೊಂಕಾದುದರ ಚಿತ್ರವನ್ನು ವಾಚಕರಲ್ಲಿ ಹಲವರು ಪತ್ರಿಕೆಗಳಲ್ಲಿ ನೋಡಿರಬಹುದು. ಮರುವರ್ಷ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ 51 ಡಿಗ್ರಿ ದಾಖಲೆಯಾಯಿತು; ಅದೇ ವರ್ಷದ ಏಪ್ರಿಲಿನಲ್ಲಿ ತಂಪಿನ ಊರೆಂದು ಹೆಸರಾದ ಬೆಂಗಳೂರು 39.2 ಡಿಗ್ರಿಯನ್ನು ಕಂಡಿತು. 2022ರ ಜುಲೈಯಲ್ಲಿ ಇಂಗ್ಲೆಂಡಿನಲ್ಲಿಯೇ ಉಷ್ಣತೆ 40.3 ಡಿಗ್ರಿಗೆ ಏರಿ, ಲೂಟನ್ ವಿಮಾನನಿಲ್ದಾಣದ ಓಟದ ಹಾದಿಯ ಮೈ ಉಬ್ಬಿ, ವಿಮಾನಗಳನ್ನು ಕೆಲಹೊತ್ತು ನಿಲ್ಲಿಸಬೇಕಾಯಿತು.

ಇದೇ ಕಾಲದಲ್ಲಿ ರಸ್ತೆ ಕಟ್ಟುವವರ ನಡುವೆ ಇನ್ನೊಂದು ಮಾತು ಬಲವಾಗಿ ಹಬ್ಬುತ್ತಿದೆ. ಹಳೆಯ ರಸ್ತೆಯ ಮೇಲ್ಪದರವನ್ನು ಯಂತ್ರದಿಂದ ಕೆರೆದು ತೆಗೆದು, ಪುಡಿಮಾಡಿ, ಹೊಸ ಜಲ್ಲಿ ಹೊಸ ಬಿಟುಮೆನ್ನುಗಳೊಡನೆ ಬೆರೆಸಿ ಪುನಃ ಹಾಸಬೇಕು, ಇದರಿಂದ ಹಣವೂ ಉಳಿಯುವುದು, ಬೆಟ್ಟಗುಡ್ಡಗಳೂ ಉಳಿಯುವುವು ಎಂಬುದೇ ಆ ಮಾತು. ಮಾತು ಸುಳ್ಳಲ್ಲ. ಆದರೆ ಹಣ ಉಳಿಯುವುದು ಯಾವ ದಿನದ ಲೆಕ್ಕದಲ್ಲಿ? ರಸ್ತೆಯನ್ನು ಹಾಸಿದ ದಿನದ ಲೆಕ್ಕದಲ್ಲಿಯೋ, ಆ ರಸ್ತೆ ಮೂವತ್ತು ಬೇಸಗೆಗಳನ್ನೂ ಮೂವತ್ತು ಮಳೆಗಾಲಗಳನ್ನೂ ಕಂಡ ಮೇಲಿನ ಲೆಕ್ಕದಲ್ಲಿಯೋ? ಈ ಎರಡು ಲೆಕ್ಕಗಳೂ ಒಂದೇ ಎಂದು ಹೇಳುವವರ ಮಾತನ್ನು ನಾವು ಒಪ್ಪಲಾರೆವು.

ಮೊದಲು ಮರುಬಳಕೆಯ ಪಕ್ಷದಲ್ಲಿ ಹೇಳಬೇಕಾದುದನ್ನು ಹೇಳಿಬಿಡುವುದು ನ್ಯಾಯ. 7 ಮೀಟರು ಅಗಲದ ರಸ್ತೆಯ ಒಂದು ಕಿಲೋಮೀಟರಿಗೆ 50 ಮಿಲಿಮೀಟರು ದಪ್ಪದ ಪದರವನ್ನು ಹಾಸಬೇಕೆಂದು ಇಟ್ಟುಕೊಳ್ಳೋಣ. ಗಾತ್ರ 350 ಘನ ಮೀಟರು. ತೂಕ ಸುಮಾರು 820 ಟನ್ನು. ಇದರಲ್ಲಿ ನೂರಕ್ಕೆ ಐದರಷ್ಟು, ಎಂದರೆ 41 ಟನ್ನು ಮಾತ್ರ ಬಿಟುಮೆನ್ನು, ಮಿಕ್ಕುದೆಲ್ಲ ಕಲ್ಲು. ನೂರಕ್ಕೆ ಮೂವತ್ತು ಪಾಲು ಹಳೆಯ ರಸ್ತೆಯ ಪುಡಿಯನ್ನು ಬೆರೆಸಿದರೆ ಹನ್ನೆರಡು ಟನ್ನು ಬಿಟುಮೆನ್ನೂ ಇನ್ನೂರ ಮೂವತ್ತಕ್ಕೂ ಮೇಲ್ಪಟ್ಟು ಟನ್ನು ಕಲ್ಲೂ ಉಳಿದಂತಾಯಿತು. ಬಿಟುಮೆನ್ನು ಕಚ್ಚಾತೈಲವನ್ನು ಬಟ್ಟಿಯಿಳಿಸಿದ ಮೇಲೆ ತಳದಲ್ಲಿ ಉಳಿಯುವ ಕರಿಯ ಶೇಷ. ನಮ್ಮ ದೇಶ ಅದರ ಗಣನೀಯ ಭಾಗವನ್ನು ಹೊರಗಿನಿಂದ ಕೊಳ್ಳುತ್ತದೆ. ಕಲ್ಲಿಗಾಗಿ ಒಡೆದ ಗುಡ್ಡಗಳು ಎಂತಹ ರೂಪಕ್ಕೆ ಬಂದಿವೆ ಎಂಬುದನ್ನು ಬೆಂಗಳೂರಿನ ಸುತ್ತಮುತ್ತ ತಿರುಗಾಡಿದವರು ಬಲ್ಲರು. ಹಳೆಯ ಪದರವನ್ನು ಕೆರೆದು ತೆಗೆಯುವುದರಿಂದ ಇನ್ನೊಂದು ಪ್ರಯೋಜನವೂ ಉಂಟು. ಕೆರೆಯದೆ ಪದರದ ಮೇಲೆ ಪದರ ಹಾಸುತ್ತ ಹೋದ ನಮ್ಮ ಊರುಗಳಲ್ಲಿ ಬೀದಿ ಮೇಲೇರಿ ಮನೆಯ ಹೊಸ್ತಿಲು ತಗ್ಗಿನಲ್ಲಿ ಉಳಿದುಬಿಟ್ಟಿದೆ. ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾದ ಬೀದಿಯೊಂದನ್ನು ನಾವೇ ನೋಡಿದ್ದೇವೆ.

1973ರಲ್ಲಿ ತೈಲದ ಬೆಲೆ ದಿಢೀರನೆ ಏರಿದಾಗ ಅಮೆರಿಕದವರು ಈ ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದರು. ಇಂದು ಅಲ್ಲಿ ವರ್ಷಕ್ಕೆ ಸುಮಾರು ಹತ್ತು ಕೋಟಿ ಟನ್ನು ಹಳೆಯ ರಸ್ತೆಯ ಸಾಮಗ್ರಿ ಒಟ್ಟಾಗುತ್ತದೆ; ಹೊಸ ಮಿಶ್ರಣಗಳಲ್ಲಿ ಸರಾಸರಿ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹಳೆಯ ಸಾಮಗ್ರಿಯೇ ಇರುತ್ತದೆ. ನಮ್ಮಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 2015ರಲ್ಲಿ ಇದಕ್ಕೆಂದೇ ಒಂದು ಮಾರ್ಗಸೂಚಿಯನ್ನು ಹೊರಡಿಸಿತು. ಆದುದರಿಂದ ಇದು ಪರದೇಶದ ಸುದ್ದಿಯಲ್ಲ. ಇಂದು ಕಾಲೇಜಿನಲ್ಲಿರುವವರು ತಮ್ಮ ನಡುವಯಸ್ಸಿನಲ್ಲಿ ಯಾವ ರಸ್ತೆಯ ಮೇಲೆ ಓಡಾಡುವರು ಎಂಬ ಪ್ರಶ್ನೆ.

ಇನ್ನು ಆ ಹಳೆಯ ಪುಡಿಯ ಒಳಗೆ ಏನಿದೆ ಎಂಬುದನ್ನು ನೋಡೋಣ. ಬಿಟುಮೆನ್ನು ಗಟ್ಟಿ ಪದಾರ್ಥವೋ ದ್ರವವೋ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927ರಲ್ಲಿ ಬಿಟುಮೆನ್ನಿನ ಸೋದರನೆನ್ನಬಹುದಾದ ಕೀಲನ್ನು ಒಂದು ಗಾಜಿನ ಆಲಿಕೆಯಲ್ಲಿ ತುಂಬಿಟ್ಟರು. ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಒಡೆಯುವ ಆ ವಸ್ತು ತನ್ನಷ್ಟಕ್ಕೆ ಬಿಟ್ಟರೆ ಹನಿಯಾಗಿ ತೊಟ್ಟಿಕ್ಕುತ್ತದೆ. 2014ರವರೆಗೆ ಬಿದ್ದ ಹನಿಗಳು ಒಂಬತ್ತು! ಬಿಟುಮೆನ್ನೂ ಇದೇ ಜಾತಿಯದು. ತಣ್ಣಗಿದ್ದಾಗ, ಇಲ್ಲವೆ ಒಮ್ಮೆಲೆ ಹೊಡೆತ ಬಿದ್ದಾಗ ಗಟ್ಟಿ. ಬಿಸಿಯಾದಾಗ, ಇಲ್ಲವೆ ಭಾರ ನಿಧಾನವಾಗಿ ಕುಳಿತಾಗ ದ್ರವ. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವ ವಿ.ಜಿ. 30 ಎಂಬ ದರ್ಜೆಯ ಬಿಟುಮೆನ್ನು ಮೆತ್ತಗಾಗುವ ಉಷ್ಣತೆ ಕನಿಷ್ಠ 47 ಡಿಗ್ರಿ ಇರಬೇಕೆಂದು ಭಾರತೀಯ ಮಾನಕ ವಿಧಿಸುತ್ತದೆ. ಬೇಸಗೆಯ ರಸ್ತೆಯ 60 ಡಿಗ್ರಿಯನ್ನು ಇದರೊಡನೆ ಹೋಲಿಸಿ ನೋಡಿದರೆ, ಬೇಸಗೆಯ ಮಧ್ಯಾಹ್ನ ರಸ್ತೆಯನ್ನು ಹಿಡಿದು ನಿಲ್ಲಿಸಿರುವುದು ಬಹುಮಟ್ಟಿಗೆ ಒಂದಕ್ಕೊಂದು ಹೆಣೆದುಕೊಂಡ ಕಲ್ಲುಗಳೇ ಎಂಬುದು ತಿಳಿಯುತ್ತದೆ.

ಅದರ ಗಡಸುತನವನ್ನು ಅಳೆಯುವ ರೀತಿ ಬಹಳ ಸರಳ. 25 ಡಿಗ್ರಿಯಲ್ಲಿಟ್ಟ ಬಿಟುಮೆನ್ನಿನ ಮೇಲೆ 100 ಗ್ರಾಂ ಭಾರ ಹೊತ್ತ ಸೂಜಿಯನ್ನು ಐದು ಸೆಕೆಂಡು ಬಿಟ್ಟು, ಅದು ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗಗಳಲ್ಲಿ ಎಣಿಸುತ್ತಾರೆ. ವಿ.ಜಿ. 30ಕ್ಕೆ ಈ ಸಂಖ್ಯೆ 45ಕ್ಕೆ ಕಡಮೆಯಿರಬಾರದು. ಆದರೆ ರಸ್ತೆಯಾದ ಮೇಲೆ ವರ್ಷವರ್ಷಕ್ಕೂ ಸೂಜಿ ಇಳಿಯುವ ಆಳ ಕುಗ್ಗುತ್ತ ಹೋಗುತ್ತದೆ. ಕಾರಣ ಗಾಳಿ ಮತ್ತು ಶಾಖ. ಬಿಟುಮೆನ್ನಿನಲ್ಲಿ ಎಣ್ಣೆಯಂತಹ ಹಗುರ ಭಾಗ ಒಂದಿದೆ. ಅದರಲ್ಲಿ ತೇಲುವ ಅಸ್ಫಾಲ್ಟೀನುಗಳೆಂಬ ಭಾರಿ ಅಣುಗಳ ಗುಂಪೂ ಇದೆ. ಆಮ್ಲಜನಕವು ಎಣ್ಣೆಯ ಭಾಗದೊಡನೆ ಕೂಡಿಕೊಂಡು ಅದನ್ನು ಮೆಲ್ಲಮೆಲ್ಲನೆ ಭಾರಿ ಅಣುಗಳನ್ನಾಗಿ ಮಾರ್ಪಡಿಸುತ್ತದೆ. ಎಣ್ಣೆ ಕಡಮೆ, ಗಷ್ಟು ಹೆಚ್ಚು, ವಸ್ತು ಬಿರುಸಾಗುತ್ತದೆ. ರಾಸಾಯನಿಕ ಕ್ರಿಯೆಗಳ ವೇಗ ಶಾಖದೊಡನೆ ಹೆಚ್ಚುವುದೆಂದು ಶಾಲೆಯಲ್ಲಿ ಕಲಿತಿರುವಿರಷ್ಟೆ. ಬೇಸಗೆ ಉದ್ದವಾಗಿ ಕಾವು ಏರಿದರೆ ರಸ್ತೆಗೆ ಮುಪ್ಪು ಬೇಗ ಬರುತ್ತದೆ. ಭಾರತದ ಸರಾಸರಿ ಉಷ್ಣತೆ 1901ರಿಂದ 2018ರ ವೇಳೆಗೆ ಸುಮಾರು 0.7 ಡಿಗ್ರಿ ಏರಿದೆ. ಸರಾಸರಿಯ ಅಂಕಿ ಚಿಕ್ಕದಾಗಿ ಕಾಣುತ್ತದೆ. ಆದರೆ ರಸ್ತೆಯನ್ನು ಕೆಡಿಸುವುದು ಸರಾಸರಿಯ ದಿನವಲ್ಲ, ಅತಿ ಬಿಸಿಯ ದಿನ. ಅಂತಹ ದಿನಗಳೇ ಹೆಚ್ಚುತ್ತಿವೆ.

ಮರುಬಳಕೆಯ ರಸ್ತೆಯಲ್ಲಿ ಈ ಮುಪ್ಪು ಮೊದಲ ದಿನವೇ ಒಳಗೆ ಕುಳಿತಿರುತ್ತದೆ. ಹಳೆಯ ಪುಡಿಯಲ್ಲಿನ ಬಿಟುಮೆನ್ನಿಗೆ ಸೂಜಿಯ ಸಂಖ್ಯೆ 20 ಎಂದೂ ಹೊಸದಕ್ಕೆ 60 ಎಂದೂ ಇಟ್ಟುಕೊಳ್ಳೋಣ. 30ಕ್ಕೆ 70ರ ಪ್ರಮಾಣದಲ್ಲಿ ಬೆರೆಸಿದರೆ ಬರುವ ಸಂಖ್ಯೆಯನ್ನು ಲಾಗರಿದಮ್ಮುಗಳ ಸರಾಸರಿಯಿಂದ ಕಂಡುಹಿಡಿಯುವುದು ವಾಡಿಕೆ. ಗಣಿತದಲ್ಲಿ ಆಸಕ್ತಿಯುಳ್ಳವರು ತಾವೇ ಮಾಡಿ ನೋಡಲಿ, ಸುಮಾರು 43 ಬರುತ್ತದೆ. ಮಾನಕದ ಗೆರೆಗಿಂತ ಸ್ವಲ್ಪವೇ ಕೆಳಗೆ. ಆದರೆ ಈ ಲೆಕ್ಕದಲ್ಲಿ ಒಂದು ಭಾರಿ ಊಹೆ ಅಡಗಿದೆ: ಹಳೆಯದೂ ಹೊಸದೂ ಹಾಲಿನಲ್ಲಿ ಸಕ್ಕರೆ ಬೆರೆತಂತೆ ಪೂರ್ತಿಯಾಗಿ ಬೆರೆಯುವುವು ಎಂಬ ಊಹೆ. ಮಿಶ್ರಣದ ಯಂತ್ರದಲ್ಲಿ ಇವು ಒಟ್ಟಿಗೆ ಇರುವುದು ಅತ್ಯಲ್ಪ ಕಾಲ. ಹಳೆಯ ಬಿಟುಮೆನ್ನು ಅಷ್ಟರಲ್ಲಿ ಪೂರ್ತಿ ಕರಗದೆ ಕಲ್ಲಿಗೆ ಕರಿಯ ಕವಚವಾಗಿಯೇ ಉಳಿದರೆ, ರಸ್ತೆಯಲ್ಲಿ ಮೆತ್ತಗಿನ ತಾಣಗಳೂ ಬಿರುಸು ತಾಣಗಳೂ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ; ಬಿರುಕು ಹುಟ್ಟುವುದು ಅಂತಹ ಗಡಿಗಳಲ್ಲಿ.

ಇದಕ್ಕೆ ಪರಿಹಾರವೆಂದು ಪುನಶ್ಚೇತಕಗಳೆಂಬ ಎಣ್ಣೆಗಳನ್ನು ಸೇರಿಸುತ್ತಾರೆ. ಒಣಗಿ ಸೆಟೆದುಕೊಂಡ ಮೆಟ್ಟಿಗೆ ಹರಳೆಣ್ಣೆ ಸವರುವ ಕ್ರಮ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಎಣ್ಣೆ ಕುಡಿದ ಚರ್ಮ ಬಾಗುತ್ತದೆ, ಮತ್ತೆ ಕೆಲವು ಕಾಲ ಬಾಳುತ್ತದೆ. ಆದರೆ ಅದು ಹೊಸ ಚರ್ಮವಾಗುವುದಿಲ್ಲ. ಇಲ್ಲಿಯೂ ಹಾಗೆಯೇ, ಕಳೆದುಹೋದ ಎಣ್ಣೆಯ ಬದಲಿಗೆ ಬೇರೆ ಎಣ್ಣೆ ಬಂದಿತೇ ಹೊರತು ಒಳಹೊಕ್ಕ ಆಮ್ಲಜನಕ ಹೊರಗೆ ಹೋಗಲಿಲ್ಲ. ಸವರಿದ ಎಣ್ಣೆಯೂ ಮುಂದೆ ಮುಪ್ಪಾಗಬೇಕಾದುದೇ. ಪ್ರಯೋಗಶಾಲೆಗಳಲ್ಲಿ ಬಿಟುಮೆನ್ನಿನ ಮುಪ್ಪನ್ನು ಮುಂಚಿತವಾಗಿ ನೋಡಲು, ಗಾಳಿಯ ಒತ್ತಡ ತುಂಬಿದ ಪಾತ್ರೆಯಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿ 20 ಗಂಟೆಗಳ ಕಾಲ ಅದನ್ನು ಬೇಯಿಸುತ್ತಾರೆ; ಇದು ರಸ್ತೆಯ ಮೇಲಿನ ಹಲವು ವರ್ಷಗಳಿಗೆ ಸಮವೆಂದು ಗಣನೆ. ಇಪ್ಪತ್ತು ಗಂಟೆ ಸಾಲದು, ನಲವತ್ತು ಬೇಕೆಂದು ವಾದಿಸುವ ಸಂಶೋಧಕರಿದ್ದಾರೆ. ಎರಡನೆಯ ಜನ್ಮದ ಬಿಟುಮೆನ್ನಿನ ವಿಷಯದಲ್ಲಿಯಾದರೂ ಅವರ ವಾದವೇ ಸರಿಯೆಂದು ನಮಗೆ ತೋರುತ್ತದೆ.

ಇಲ್ಲಿ ಎದುರುಪಕ್ಷದವರು ಒಂದು ಒಳ್ಳೆಯ ಪ್ರಶ್ನೆ ಕೇಳಬಹುದು. ಬಿಸಿಲು ಹೆಚ್ಚಾದರೆ ಮೆತ್ತಗಿನ ರಸ್ತೆಯಲ್ಲಿ ಚಕ್ರದ ಜಾಡು ಹಳ್ಳ ಬೀಳುತ್ತದೆ. ಹಳೆಯ ಬಿಟುಮೆನ್ನು ಬಿರುಸಾದುದರಿಂದ ಅದನ್ನು ತಡೆಯುತ್ತದಲ್ಲವೆ? ನಿಜ. ಜಾಡು ಬೀಳುವುದರ ಮಟ್ಟಿಗೆ ಮರುಬಳಕೆಯ ರಸ್ತೆ ಹೊಸದಕ್ಕಿಂತ ಮೇಲೆಂದು ಅನೇಕ ಪರೀಕ್ಷೆಗಳಲ್ಲಿ ಕಂಡಿದೆ. ತೊಡಕಿರುವುದೂ ಇಲ್ಲಿಯೇ. ಜಾಡು ಬೀಳುವ ದೋಷ ಮೊದಲ ಒಂದೆರಡು ಬೇಸಗೆಗಳಲ್ಲಿ ತೋರಿಬಿಡುತ್ತದೆ; ಬಿರುಕು ಬಿಡುವ ದೋಷ ಐದಾರು ವರ್ಷಗಳ ಮೇಲೆ ತಲೆಯೆತ್ತುತ್ತದೆ. ಮೊದಲ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವನು ಕಡೆಯ ಪರೀಕ್ಷೆಯಲ್ಲಿ ತಪ್ಪುವ ಹಾಗೆ.

ಬಿರುಕಿಗೆ ಇನ್ನೊಂದು ಕಾರಣ ಭಾರ. ಅಮೆರಿಕದ ಇಲಿನಾಯ್ ಪ್ರಾಂತದ ಒಟ್ಟಾವ ಎಂಬ ಊರಿನ ಬಳಿ (ಕೆನಡದ ರಾಜಧಾನಿಯಲ್ಲ, ಅದೇ ಹೆಸರಿನ ಸಣ್ಣ ಊರು) 1958ರಿಂದ 1960ರವರೆಗೆ ಲಾರಿಗಳನ್ನು ಹಗಲಿರುಳು ಓಡಿಸಿ ನಡೆಸಿದ ಮಹಾಪ್ರಯೋಗದಿಂದ ತಿಳಿದುಬಂದುದೇನೆಂದರೆ, ರಸ್ತೆಗೆ ಆಗುವ ಹಾನಿಯು ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ನಮ್ಮ ದೇಶದಲ್ಲಿ 2018ರ ಜುಲೈಯಲ್ಲಿ ನಾಲ್ಕು ಚಕ್ರಗಳ ಒಂಟಿ ಅಚ್ಚಿನ ಮೇಲೆ ಹೇರಬಹುದಾದ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಲಾಯಿತು. ಎಂಟರಲ್ಲಿ ಒಂದು ಪಾಲಿನ ಈ ಏರಿಕೆಯಿಂದ ಹಾನಿ ಸುಮಾರು 1.6ರಷ್ಟಾಗುತ್ತದೆ. ಬಿರುಸಾದ ಬಿಟುಮೆನ್ನು ಈ ಬಾಗುವಿಕೆಯನ್ನು ದಿನಕ್ಕೆ ಸಾವಿರಾರು ಸಲ ಸಹಿಸಬೇಕು.

ಬಿರುಕು ಬಿಟ್ಟ ಮೇಲೆ ಕೆಲಸ ಮಳೆಯದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿ ನೂರಕ್ಕೆ ಏಳರಷ್ಟು ಹೆಚ್ಚುತ್ತದೆ. ಆದುದರಿಂದ ಮಳೆ ಬಂದಾಗ ಒಮ್ಮೆಲೆ ಸುರಿಯುವ ಸಂಭವ ಹೆಚ್ಚು. ಕಲ್ಲಿಗೂ ಬಿಟುಮೆನ್ನಿಗೂ ಇರುವ ನಂಟಿಗಿಂತ ಕಲ್ಲಿಗೂ ನೀರಿಗೂ ಇರುವ ನಂಟು ಗಾಢವಾದದ್ದು. ಅದರಲ್ಲಿಯೂ ಸಿಲಿಕ ಹೆಚ್ಚಾಗಿರುವ ನಮ್ಮ ಗ್ರಾನೈಟು ಜಾತಿಯ ಕಲ್ಲುಗಳಿಗೆ. ಬಿರುಕಿನೊಳಗೆ ನಿಂತ ನೀರನ್ನು ಪ್ರತಿಯೊಂದು ಚಕ್ರವೂ ಒತ್ತಿ ಒಳಕ್ಕೆ ನುಗ್ಗಿಸುತ್ತದೆ. ನೀರು ಬಿಟುಮೆನ್ನಿನ ಪೊರೆಯನ್ನು ಕಲ್ಲಿನಿಂದ ಸುಲಿಯುತ್ತದೆ. ಜಲ್ಲಿ ಕಿತ್ತು ಬರುತ್ತದೆ. ಆಷಾಢದಲ್ಲಿ ಒಂದು ಬೆರಳಗಲದ ಬಿರುಕು ಭಾದ್ರಪದದ ವೇಳೆಗೆ ಬೈಸಿಕಲ್ಲಿನ ಚಕ್ರ ಮುಳುಗುವ ಗುಂಡಿಯಾಗುವುದು ಹೀಗೆ. ಶಿರಾಡಿ ಘಾಟಿಯ ರಸ್ತೆಗೆ ಡಾಂಬರನ್ನು ಬಿಟ್ಟು ಕಾಂಕ್ರೀಟು ಹಾಸಿದುದು ಸುಮ್ಮನೆ ಅಲ್ಲ.

ಮಳೆ ಇನ್ನೊಂದು ಕಡೆಯಿಂದಲೂ ಕೈಹಾಕುತ್ತದೆ. ಕೆರೆದು ತಂದ ಪುಡಿಯನ್ನು ಬಯಲಿನಲ್ಲಿ ರಾಶಿ ಹಾಕಿದರೆ ಅದು ನೀರು ಕುಡಿಯುತ್ತದೆ. ಟನ್ನಿಗೆ 50 ಕಿಲೋಗ್ರಾಂ ನೀರಿದ್ದರೆ ಅದನ್ನು ಆವಿಯಾಗಿಸುವುದಕ್ಕೇ, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ಎರಡೂವರೆ ಕಿಲೋಗ್ರಾಮಿಗೂ ಮೇಲ್ಪಟ್ಟು ಡೀಸೆಲು ಉರಿಯಬೇಕು. ಹಳೆಯ ಪುಡಿಗೆ ನೇರವಾಗಿ ಜ್ವಾಲೆ ತಗುಲಿಸುವಂತಿಲ್ಲ, ಸುಟ್ಟುಹೋಗುತ್ತದೆ; ಹೊಸ ಜಲ್ಲಿಯನ್ನು ಮಿತಿಮೀರಿ ಕಾಸಿ ಆ ಕಾವಿನಿಂದ ಇದನ್ನು ಬಿಸಿಮಾಡಬೇಕು. ಪುಡಿ ತೇವವಾಗಿದ್ದಷ್ಟೂ ಜಲ್ಲಿ ಇನ್ನೂ ಬಿಸಿ; ಜಲ್ಲಿ ಬಿಸಿಯಾದಷ್ಟೂ ಅದನ್ನು ಮುಟ್ಟುವ ಹೊಸ ಬಿಟುಮೆನ್ನಿಗೆ ಮುಪ್ಪು ಬೇಗ. ರಾಶಿಯ ಮೇಲೆ ಒಂದು ತಗಡಿನ ಚಾವಣಿ ಹಾಕಿದರೆ ಇದೆಲ್ಲ ಎಷ್ಟೋ ತಪ್ಪುತ್ತದೆ!

ಅಮೆರಿಕದಲ್ಲಿ ಬಿಟುಮೆನ್ನಿನ ದರ್ಜೆಗೆ ಎರಡು ಉಷ್ಣತೆಗಳ ಹೆಸರಿಡುವ ಪದ್ಧತಿಯುಂಟು. 64-22 ಎಂದರೆ ರಸ್ತೆಯ ಉಷ್ಣತೆ ಮೇಲೆ 64 ಡಿಗ್ರಿಯವರೆಗೂ ಕೆಳಗೆ ಸೊನ್ನೆಗಿಂತ 22 ಡಿಗ್ರಿ ಕಡಮೆಯವರೆಗೂ ತಡೆಯಬಲ್ಲುದು ಎಂದರ್ಥ. ಯಾವ ಊರಿಗೆ ಯಾವ ದರ್ಜೆ ಎಂಬುದನ್ನು ಹಿಂದಿನ ವರ್ಷಗಳ ಹವೆಯ ಪಟ್ಟಿಯನ್ನು ನೋಡಿ ತೀರ್ಮಾನಿಸುತ್ತಾರೆ. ಷೇನ್ ಅಂಡರ್‌ವುಡ್ ಮತ್ತು ಸಂಗಡಿಗರು 2017ರಲ್ಲಿ ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ 799 ಸ್ಥಳಗಳನ್ನು ಪರಿಶೀಲಿಸಿದರು. ನೂರಕ್ಕೆ 35 ಕಡೆ, ಪಟ್ಟಿ ಹಳೆಯದಾದುದರಿಂದ, ಆರಿಸಿದ ದರ್ಜೆಯೇ ತಪ್ಪಾಗಿತ್ತು. ಈ ಅಭ್ಯಾಸವನ್ನು ತಿದ್ದಿಕೊಳ್ಳದೆ ಹೋದರೆ 2070ರ ವೇಳೆಗೆ ಆ ಒಂದು ದೇಶದ ರಸ್ತೆಗಳ ಮೇಲೆ ಬೀಳುವ ಹೆಚ್ಚಿನ ವೆಚ್ಚ, ಹವೆ ಮಿತವಾಗಿ ಬದಲಾದರೆ 2,180 ಕೋಟಿ ಡಾಲರು, ತೀವ್ರವಾಗಿ ಬದಲಾದರೆ 3,580 ಕೋಟಿ ಡಾಲರು ಎಂದು ಅವರ ಅಂದಾಜು. ಇದು ದರ್ಜೆಯ ಆಯ್ಕೆಯ ಲೆಕ್ಕ. ಮರುಬಳಕೆಯಲ್ಲಿ ಇದರ ಮೇಲೆ ಇನ್ನೊಂದು ಅನಿಶ್ಚಯ ಏರುತ್ತದೆ. ಅಲ್ಲಿ ಬಿಟುಮೆನ್ನಿನ ಒಂದು ಪಾಲನ್ನು ನಾವು ಆರಿಸುವುದೇ ಇಲ್ಲ, ಹಳೆಯ ರಸ್ತೆಯಲ್ಲಿ ಯಾವುದಿತ್ತೋ ಅದೇ ಬರುತ್ತದೆ.

ಈಗ ಹಣದ ಮಾತಿಗೆ ಬರೋಣ. ಹೊಸ ಸಾಮಗ್ರಿಯ ಪದರ 12 ವರ್ಷ ಬಾಳುವುದೆಂದೂ, ಮುಪ್ಪು ಬೇಗ ಬಂದುದರಿಂದ ಮರುಬಳಕೆಯದು 9 ವರ್ಷ ಬಾಳುವುದೆಂದೂ ಕೇವಲ ಉದಾಹರಣೆಗಾಗಿ ಇಟ್ಟುಕೊಳ್ಳೋಣ. 36 ವರ್ಷಗಳಲ್ಲಿ ಮೊದಲನೆಯದನ್ನು ಮೂರು ಸಲ, ಎರಡನೆಯದನ್ನು ನಾಲ್ಕು ಸಲ ಹಾಸಬೇಕು. ಮೇಲೆ ಹೇಳಿದ ಒಂದು ಕಿಲೋಮೀಟರಿಗೆ ಮೊದಲನೆಯದರಲ್ಲಿ ಬೇಕಾಗುವ ಹೊಸ ಸಾಮಗ್ರಿ 2,460 ಟನ್ನು; ಎರಡನೆಯದರಲ್ಲಿ ಸಲಕ್ಕೆ 574ರಂತೆ 2,296 ಟನ್ನು. ಮೂವತ್ತರಷ್ಟಿದ್ದ ಉಳಿತಾಯ ಏಳಕ್ಕೆ ಇಳಿಯಿತು. ಕಾಸುವ ಇಂಧನ, ಉರುಳುಗಲ್ಲಿನ ಯಂತ್ರ, ಕೂಲಿ, ರಸ್ತೆ ಮುಚ್ಚಿದಾಗ ಬಳಸುದಾರಿಯಲ್ಲಿ ಸುಡುವ ಪೆಟ್ರೋಲು, ಇವೆಲ್ಲ ಮೂರರ ಬದಲು ನಾಲ್ಕು ಸಲ. ಬಾಳಿಕೆ ಎಂಟೂವರೆ ವರ್ಷಕ್ಕಿಂತ ಕಡಮೆಯಾದರಂತೂ ಕಲ್ಲಿನ ಉಳಿತಾಯವೂ ಇಲ್ಲ. ಬಾಳಿಕೆ ಕುಗ್ಗದಂತೆ ನೋಡಿಕೊಂಡರೆ ಲಾಭ ಪೂರ್ತಿ ನಿಲ್ಲುತ್ತದೆ ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಆದುದರಿಂದ ಟೆಂಡರಿನಲ್ಲಿ ಕಿಲೋಮೀಟರಿಗೆ ಎಷ್ಟು ರೂಪಾಯಿ ಎಂದು ಕೇಳುವುದರ ಬದಲು, ಕಿಲೋಮೀಟರಿಗೆ ವರ್ಷವೊಂದಕ್ಕೆ ಎಷ್ಟು ಎಂದು ಕೇಳಬೇಕೆಂಬುದು ನಮ್ಮ ಅಭಿಪ್ರಾಯ.

ಹಾಗೆ ಕೇಳುವವರು ಕಡಮೆ. ಗುತ್ತಿಗೆದಾರನ ಹೊಣೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಪ್ರಧಾನಮಂತ್ರಿ ಗ್ರಾಮಸಡಕ್ ಯೋಜನೆಯ ರಸ್ತೆಗಳಲ್ಲಿ ಐದು ವರ್ಷದ ಪಾಲನೆ ಗುತ್ತಿಗೆಯಲ್ಲಿಯೇ ಸೇರಿದೆ. ಬಿರುಸು ಬಿಟುಮೆನ್ನಿನ ಬಿರುಕು ತೋರುವ ಹೊತ್ತಿಗೆ ಹೊಣೆಯ ಕಾಗದ ಕಪಾಟು ಸೇರಿರುತ್ತದೆ. ಯಾರನ್ನೂ ದೂರುವ ಉದ್ದೇಶ ನಮಗಿಲ್ಲ. ಐದು ವರ್ಷದ ಕರಾರಿಗೆ ಸಹಿ ಹಾಕಿದವನು ಐದು ವರ್ಷದ ರಸ್ತೆಯನ್ನು ಕಟ್ಟಿದರೆ ಅದು ಅವನ ಮೋಸವಲ್ಲ, ಕರಾರಿನ ದೋಷ.

ಇದು ಸಾಧ್ಯವೇ ಇಲ್ಲದ ಕೆಲಸವೂ ಅಲ್ಲ. ಬೇಸಗೆಯ ಸೆಕೆಗೂ ಮಳೆಗೂ ನಮಗೆ ಸರಿಸಾಟಿಯಾದ ಜಪಾನಿನಲ್ಲಿ ಮರುಬಳಕೆಯ ಮಿಶ್ರಣಗಳಲ್ಲಿ ಸುಮಾರು ಅರ್ಧಪಾಲು ಹಳೆಯ ಸಾಮಗ್ರಿಯೇ ಇರುತ್ತದೆ. ಆದರೆ ಅಲ್ಲಿ ಹಳೆಯ ಬಿಟುಮೆನ್ನಿನ ಸೂಜಿಸಂಖ್ಯೆ 20ಕ್ಕಿಂತ ಕೆಳಗಿಳಿದಿದ್ದರೆ ಅದನ್ನು ಬಿಸಿಮಿಶ್ರಣಕ್ಕೆ ಸ್ವೀಕರಿಸುವುದಿಲ್ಲ. ಪುಡಿಯನ್ನು ಜಲ್ಲಿಯ ಕಾವಿಗೆ ಬಿಡದೆ ಅದಕ್ಕೆಂದೇ ಇರುವ ಬೇರೆ ಉರುಳೆಯಲ್ಲಿ ಕಾಸುತ್ತಾರೆ. ನಮ್ಮಲ್ಲಿಯೂ ಇಷ್ಟನ್ನಾದರೂ ಮಾಡದೆ ಮೇಲ್ಪದರಕ್ಕೆ ಹೆಚ್ಚು ಹಳೆಯದನ್ನು ಸೇರಿಸುವುದನ್ನು ನಾವು ವಿರೋಧಿಸುತ್ತೇವೆ. ಬಿಸಿಲೂ ಗಾಳಿಯೂ ಅಷ್ಟಾಗಿ ತಾಗದ ಕೆಳಪದರಗಳಿಗೆ ಧಾರಾಳವಾಗಿ ಹಾಕಲಿ. ಅಲ್ಲಿ ಬಿರುಸು ಒಳ್ಳೆಯ ಗುಣವೇ.

ಇನ್ನೊಂದು ಚಿಕ್ಕ ಕೆಲಸ ಉಳಿದಿದೆ. ಇಂದು ಹಾಸಿದ ರಸ್ತೆಯನ್ನು 2040ರ ಸುಮಾರಿಗೆ ಯಾರೋ ಮತ್ತೆ ಕೆರೆಯುವರು. ಅದರಲ್ಲಿ ಎಷ್ಟು ಪಾಲು ಹಳೆಯದು, ಅದು ಎಷ್ಟನೆಯ ಸಲದ್ದು, ಯಾವ ಎಣ್ಣೆ ಸೇರಿಸಿತ್ತು, ತಳದಲ್ಲಿ ಹಿಂದಿನವರು ಹಾಸಿದ ಕಲ್ಲಿದ್ದಲಿನ ಟಾರು ಇದೆಯೋ (ಇದು ಬಿಟುಮೆನ್ನಿಗಿಂತ ಬೇರೆಯ, ಕಾಸಿದರೆ ವಿಷದ ಹೊಗೆ ಬಿಡುವ ವಸ್ತು) ಎಂಬುದೆಲ್ಲ ಅವರಿಗೆ ತಿಳಿಯಬೇಕು. ಕಿಲೋಮೀಟರಿಗೆ ಒಂದು ಪುಟದ ಬರಹ ಸಾಕು. ಆ ಎಂಜಿನಿಯರು ಇಂದು ನಮ್ಮ ಯಾವುದೋ ಪ್ರೌಢಶಾಲೆಯಲ್ಲಿ ಕುಳಿತು ಈ ಲೇಖನವನ್ನು ಓದುತ್ತಿರಬಹುದು. ಅವರ ಮೇಜಿನ ಮೇಲೆ ಆ ಪುಟ ಇರುವಂತೆ ಮಾಡುವುದಕ್ಕೆ ಈಗ ತಗುಲುವ ವೆಚ್ಚ ಒಂದು ಹಾಳೆಯ ಕಾಗದ, ಸ್ವಲ್ಪ ಶಾಯಿ.